ಆನೆ ಎದುರು ನಿಂತಾಗ

ಗೈಡ್ ತಟ್ಟನೆ ಕೈಯೆತ್ತಿ ನಮ್ಮನ್ನು ನಿಲ್ಲಿಸಿದ. ಪೊದೆ ಸರಿಸಿಕೊಂಡು ಆನೆಯೊಂದು ಎದುರಿಗೇ ಬಂದು ನಿಂತಿತ್ತು. ಕಾಲ ಬಳಿ ಅದರ ಮರಿ. ಏನೇ ಆದರೂ ಓಡಬಾರದು ಎಂದು ಅವನು ಮೊದಲೇ ಹೇಳಿದ್ದ.

ಅದು ಜಾಂಬಿಯಾದ ಕಾಡು. ಅಲ್ಲಿ ನೌಕರಿಯಲ್ಲಿರುವ ನನ್ನ ಮೈದುನ ನನ್ನನ್ನೂ ಯಜಮಾನರನ್ನೂ ನಡಿಗೆಯ ಸಫಾರಿಗೆ ಕಳಿಸಿದ್ದ. ಡೇರೆಯೊಳಗೇ ಬಿಸಿನೀರಿನ ಸ್ನಾನ, ಮರದಡಿ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಚಹಾ. ನನಗೆ ಮಾತ್ರ ಯಾವುದೂ ರುಚಿಸಿರಲಿಲ್ಲ. ಯಜಮಾನರಿಗೆ ಹೃದಯದ ಆಪರೇಷನ್ ಆಗಿ ವರ್ಷವಾಗಿತ್ತಷ್ಟೇ. ಶಹಾಪುರದ ಮನೆಯಲ್ಲಿ ಅವರಿಗೆ ಮಾಳಿಗೆಯ ಮೆಟ್ಟಿಲು ಹತ್ತಲೂ ನಾನು ಬಿಡುತ್ತಿರಲಿಲ್ಲ.

ಆನೆ ಕಿವಿ ಅಗಲಿಸಿ ಮುಂದೆ ಬಂತು. ಇವರ ಎದೆಗೆ ಏನಾಗುವುದೋ ಎಂದು ಹೆದರಿ, ಅವರನ್ನು ದಾಟಿ ಮುಂದೆ ನಿಲ್ಲಲು ಹೊರಟೆ. ಅವರು ಹಿಂದಕ್ಕೆ ಕೈಚಾಚಿ ನನ್ನ ಮುಂಗೈ ಹಿಡಿದರು.

“ಅಂಜಬ್ಯಾಡ, ಸುಮ್ನ ನಿಂದ್ರು. ನಾ ಅದೀನಲ್ಲ,” ಎಂದು ಪಿಸುಗುಟ್ಟಿದರು. ನಾನು ಅವರ ಬೆನ್ನ ಹಿಂದೆಯೇ ನಿಂತೆ.

ಆನೆ ನಮ್ಮನ್ನು ನೋಡುತ್ತ ನಿಂತಿತು. ಆಮೇಲೆ ಮರಿಯನ್ನು ಸೊಂಡಿಲಿನಿಂದ ತಳ್ಳಿಕೊಂಡು ಕಾಡಿನೊಳಗೆ ಹೋಯಿತು.

“ಎದಿ ಹ್ಯಾಂಗದರೀ?” ಎಂದು ಕೇಳಿದೆ.

“ನಂದು ಚೊಲೊ ಅದ. ನಿಂದ ನೋಡ್ಕೊ,” ಎಂದು ನಕ್ಕರು. ಆಪರೇಷನ್ ಆದ ಮೇಲೆ ಅವರು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ.

ಈಗ ಶಹಾಪುರದಲ್ಲಿ ದಿನಾ ನಸುಕಿನಲ್ಲಿ ಇಬ್ಬರೂ ಭೀಮರಾಯನಗುಡಿ ಕಡೆ ಕಾಲುವೆ ದಂಡೆಗುಂಟ ನಡೆಯುತ್ತೇವೆ. ಅವರದು ಬಿರುಸಿನ ನಡಿಗೆ. “ಸಾವಕಾಶ ಹೋಗ್ರಿ” ಎಂಬ ಮಾತು ಇನ್ನೂ ನನ್ನ ನಾಲಿಗೆಗೆ ಬರುತ್ತದೆ. ಅದನ್ನು ನುಂಗಿಕೊಂಡು ನಾನೇ ಹೆಜ್ಜೆ ಜೋರು ಮಾಡುತ್ತೇನೆ.