ಆಯುಧಪೂಜೆಯ ದಿನ ಕಾದ ಕೋಟೆ

ಬಸವೇಶ್ವರನಗರದ ಆ ಅಡ್ಡರಸ್ತೆಯಲ್ಲಿ ಪ್ರತಿ ಬುಧವಾರ ಸಂಜೆ ಗುಡುಗುತ್ತದೆ. ಮೋಡವಿದ್ದರೂ ಗುಡುಗು, ಇಲ್ಲದಿದ್ದರೂ ಗುಡುಗು. ಎದುರುಮನೆ ನಾಯಿ ಕಾರಿನಡಿ ಸೇರುತ್ತದೆ. ಕೆಳಮನೆಯ ಒಡತಿ ಅನಂತಲಕ್ಷ್ಮಮ್ಮನವರ ಶೆಲ್ಫಿನಲ್ಲಿ ಸ್ಟೀಲು ಲೋಟಗಳು ಒಂದಕ್ಕೊಂದು ತಗುಲಿ ಕಿಣಿಕಿಣಿ ಅನ್ನುತ್ತವೆ. ಮಹಡಿಯ ಬಾಡಿಗೆದಾರ ಏಕಕಾಲಕ್ಕೆ ಮೂರು ದೇಹ ತಾಳಿ ಮೂರು ದಿಕ್ಕಿನಲ್ಲಿ ಯುದ್ಧ ಮಾಡುತ್ತಾನೆಂದು ಇಸ್ತ್ರಿ ಅಂಗಡಿಯ ಅಮೀನಪ್ಪ ಬೀದಿಗೆಲ್ಲ ಸಾರಿದ್ದ. ಬಟ್ಟೆ ಕೊಡಲು ಮೆಟ್ಟಿಲು ಹತ್ತಿದಾಗ "ಬಾಣ ಬಿಡು! ವೈದ್ಯೆ ಎಲ್ಲಿ?" ಎಂಬ ಆರ್ಭಟವನ್ನು ಅವನು ಕಿವಿಯಾರೆ ಕೇಳಿದ್ದನಂತೆ.

ಅಮೀನಪ್ಪ ಹೇಳಿದ್ದು ಬಹುಪಾಲು ನಿಜ. ಮಹಡಿಯ ವೀರನ ಹೆಸರು ಶ್ಯಾಮಸುಂದರ. ಐವತ್ತು ದಾಟಿದ ಒಂಟಿ ಮನುಷ್ಯ. ಹಗಲಲ್ಲಿ ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಬಿಡಿಭಾಗಗಳ ನಕ್ಷೆ ಬರೆಯುತ್ತಾನೆ. ಬುಧವಾರ ಸಂಜೆ ಮಾತ್ರ ರಥವೇರುತ್ತಾನೆ. ರಥವೆಂದರೆ ಚಕ್ರದ ಕುರ್ಚಿ. ರಣರಂಗವೆಂದರೆ ಮೂರು ಮೇಜು, ಮೇಜಿಗೊಂದು ಕಂಪ್ಯೂಟರು. ಒಂದರಿಂದ ಇನ್ನೊಂದಕ್ಕೆ ರಥ ಉರುಳಿದಾಗ ಕೆಳಗೆ ಗುಡುಗುತ್ತಿತ್ತು.

ಯುದ್ಧ ನಡೆಯುತ್ತಿದ್ದುದು ಗ್ರೇಮೋರ್ ಎಂಬ ಹಳೇ ಆನ್‌ಲೈನ್ ಆಟದಲ್ಲಿ. ಮೂಡಲಪಾಳ್ಯದ ಸೈಬರ್ ಕೆಫೆಯೊಂದರಲ್ಲಿ ಅದನ್ನು ಆಡುತ್ತ ಗೆಳೆತನ ಬೆಳೆಸಿದ ಮೂವರು ಸೇರಿ ಒಂದು ದಂಡು ಕಟ್ಟಿದ್ದರು. ಶ್ಯಾಮಸುಂದರನ ಕತ್ತಿ, ವೆಂಕಟಗಿರಿಯ ಬಿಲ್ಲು, ಗಾಯ ವಾಸಿಮಾಡುವ ಮಾಲವಿಕಾಳ ಮಂತ್ರದಂಡ. ಬೆವರು ಸುರಿಸಿ ಒಂದು ಕೋಟೆಯನ್ನೂ ಗೆದ್ದಿದ್ದರು. ಆಮೇಲೆ ಕೆಫೆ ಮುಚ್ಚಿ ಬೇಕರಿಯಾಯಿತು. ವೆಂಕಟಗಿರಿ ಬ್ಯಾಡರಹಳ್ಳಿಯಲ್ಲಿ ಟೈಲ್ಸ್ ಅಂಗಡಿ ತೆರೆದು "ನನ್ ಪಾಸ್‌ವರ್ಡ್ ಇಟ್ಕೋ ಗುರು, ನೋಡ್ಕೋತಿರು" ಎಂದ. ಮಾಲವಿಕಾ ಹಾಗೇನೂ ಹೇಳಿ ಹೋದವಳಲ್ಲ. ತನಗೆ ಮರೆವು ಜಾಸ್ತಿಯೆಂದು ಪಾಸ್‌ವರ್ಡನ್ನು ಮೊದಲೇ ಇವನಿಗೆ ಕೊಟ್ಟಿದ್ದಳು, ಅಷ್ಟೆ. ಒಂದು ಸಂಜೆ ಕೋಟೆಯ ಗೋಡೆಯ ಮೇಲೆ "ಐದ್ನಿಮಿಷ, ಬಂದೆ. ಎಲ್ಲೂ ಹೋಗ್ಬೇಡಿ" ಎಂದು ಬರೆದು ಎದ್ದುಹೋದಳು. ಅವಳ ಮಗಳು ಕಾಲೇಜು ಮುಗಿಸಿದಳೆಂಬ ಸುದ್ದಿ ಈಚೆಗೆ ಯಾರಿಂದಲೋ ಬಂತು. ಬರಹ ಇನ್ನೂ ಗೋಡೆಯ ಮೇಲಿದೆ.

ಆಟದ ನಿಯಮ ಕಠೋರ. ಪ್ರತಿ ಬುಧವಾರ ಸಂಜೆ ಏಳರೊಳಗೆ ದಂಡಿನ ಮೂವರೂ ಒಟ್ಟಿಗೆ ನಿಂತು ಕೋಟೆಯ ಗಂಟೆ ಬಾರಿಸಬೇಕು. ತಪ್ಪಿದರೆ ಕೋಟೆ ಮಾಯ, ಗೋಡೆಯೂ ಮಾಯ. ಒಂದು ಯಂತ್ರದಲ್ಲಿ ಒಬ್ಬನಿಗಷ್ಟೇ ಪ್ರವೇಶ. ಹೀಗಾಗಿ ಶ್ಯಾಮಸುಂದರ ಎಲ್ಲೆಲ್ಲಿಂದಲೋ ಸೈನ್ಯ ಜಮಾಯಿಸಿದ್ದ. ಆಟದಷ್ಟೇ ವಯಸ್ಸಾದ ವಿಂಡೋಸ್ ಡಬ್ಬ. ಹೊಸ ವಿಂಡೋಸ್ ಹೊರಲಾರದೆ ಲಿನಕ್ಸ್ ದೀಕ್ಷೆ ಪಡೆದ ಲ್ಯಾಪ್‌ಟಾಪು. ಸೆಕೆಂಡ್ ಹ್ಯಾಂಡ್ ಮ್ಯಾಕ್, ಅದಕ್ಕೋ ಆಟದ ಭಾಷೆಯೇ ತಿಳಿಯದು, ನಡುವೆ ದುಭಾಷಿ ತಂತ್ರಾಂಶವೊಂದನ್ನು ಕೂರಿಸಬೇಕು. ಮೂರಕ್ಕೂ ಮೂರು ಸ್ವಭಾವ, ಒಂದು ಎದ್ದಾಗ ಇನ್ನೊಂದು ಮಲಗುತ್ತಿತ್ತು. ಕೂಡುಕುಟುಂಬ ನಡೆಸುವ ಕಷ್ಟವನ್ನೆಲ್ಲ ಬ್ರಹ್ಮಚಾರಿ ಹೀಗೆ ಅನುಭವಿಸಿದ್ದ.

ಈ ಸಲ ಆಯುಧಪೂಜೆ ಬುಧವಾರವೇ ಬಂತು. ಬೆಳಿಗ್ಗೆ ಅನಂತಲಕ್ಷ್ಮಮ್ಮ ತಟ್ಟೆ ಹಿಡಿದು ಮೇಲೆ ಬಂದರು. ಮೂರಕ್ಕೂ ಅರಿಶಿನ ಕುಂಕುಮ ಬಳಿದರು, ಮೊಳಮೊಳ ಸೇವಂತಿಗೆ ಸುತ್ತಿದರು.

"ನಾಳೆ ಪೂಜೆ ಆಗೋವರ್ಗೂ ಮುಟ್ಟಕೂಡ್ದು ಕಣಪ್ಪಾ. ಅವೂ ಸುಸ್ತಾಗಿರ್ತವೆ."

"ಆಯ್ತು ಆಂಟಿ" ಎಂದ ಶ್ಯಾಮಸುಂದರ. ಕೋಸಂಬರಿ ತಿಂದು ಮುಗಿಸುವ ಹೊತ್ತಿಗೆ ವಾರ ನೆನಪಾಯಿತು.

ಸಂಜೆಯವರೆಗೆ ಧರ್ಮಸಂಕಟ. ಕೊನೆಗೆ ಒಂದು ರಾಜಿಗೆ ಬಂದ: ಯಂತ್ರ ಚಾಲೂ ಮಾಡುವ ಪಾಪ ಒಂದು ಇರಲಿ, ದೇವರ ಹೂ ಕೀಳುವ ಪಾಪ ಬೇಡ. ಕುರ್ಚಿ ಉರುಳಿದರೆ ಕೆಳಗೆ ಗೊತ್ತಾಗುತ್ತದೆಂದು ರಥ ತ್ಯಜಿಸಿ, ಕಾಲುಚೀಲ ಹಾಕಿ ಬೆಕ್ಕಿನಂತೆ ನಡೆದ. ಲಿನಕ್ಸ್ ಎದ್ದಿತು. ಮ್ಯಾಕ್ ಎದ್ದಿತು. ವಿಂಡೋಸ್ ಮುದುಕ ಕೆಮ್ಮಿ, ಉಸಿರೆಳೆದು, ಫ್ಯಾನಿನ ಕಿಂಡಿಯಿಂದ ಸೇವಂತಿಗೆ ಹಾರವನ್ನು ದಾರದ ಸಮೇತ ಒಳಗೆಳೆದುಕೊಂಡ. ಕಿರ್ರ್ ಎಂದಿತು. ಸುಟ್ಟ ವಾಸನೆ ಬಂತು. ಮುದುಕ ವೀರಸ್ವರ್ಗ ಸೇರಿದ.

ಆರೂವರೆಯಾಗಿತ್ತು. ಶ್ಯಾಮಸುಂದರ ಬ್ಯಾಡರಹಳ್ಳಿಗೆ ಫೋನು ಮಾಡಿದ.

"ಗಿರಿ, ಅಂಗಡಿ ಕಂಪ್ಯೂಟರ್ ಆನ್ ಮಾಡೋ. ಹತ್ತೇ ನಿಮಿಷ. ಗಂಟೆ ಹೊಡಿಬೇಕು."

"ಯಾವ್ ಗಂಟೆ?"

"ಗ್ರೇಮೋರು."

ಆ ಕಡೆ ಪಟಾಕಿ ಸದ್ದು, ನಗು. "ಲೋ, ಅದಿನ್ನೂ ಐತೇನೋ? ಬೂದುಗುಂಬಳ ಒಡೀತಾ ಇದೀನಿ ಮಗಾ, ಆಮೇಲ್ ಮಾಡ್ತೀನಿ."

ಆಮೇಲೆ ಅವನು ಮಾಡುವವನಲ್ಲ. ಶ್ಯಾಮಸುಂದರ ನೆಲದ ಮೇಲೆ ಕೂತ. ಎರಡು ಪರದೆಗಳಲ್ಲಿ ಕತ್ತಿಯವನೂ ಬಿಲ್ಲಿನವನೂ ಗಂಟೆಯ ಬಳಿ ಸುಮ್ಮನೆ ನಿಂತಿದ್ದರು. ಮೂರನೆಯವಳ ಜಾಗ ಖಾಲಿ.

ಬಾಗಿಲು ಬಡಿದ ಸದ್ದಾಯಿತು. ಅನಂತಲಕ್ಷ್ಮಮ್ಮ ಏದುಸಿರು ಬಿಡುತ್ತಿದ್ದರು.

"ಏನಪ್ಪಾ, ಬುಧವಾರ ಆದ್ರೂ ಸದ್ದೇ ಇಲ್ಲ? ಎಲ್ಲಿ ಬಿದ್‌ಗಿದ್ದೆಯೋ ಅಂತ ಎದೆ ಹೊಡ್ಕೊಳ್ತು. ಅಯ್ಯೋ, ಇದೇನು ಹೊಗೆ!"

ಕಳ್ಳ ಸಿಕ್ಕಿಬಿದ್ದ. ಹೂವು, ಗಂಟೆ, ಗೋಡೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಬೈಗುಳಕ್ಕೆ ತಲೆ ತಗ್ಗಿಸಿದ. ಬೈಯುವ ಬದಲು ಅವರು ಕೆಳಗಿಳಿದು, ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಮೇಲೆ ಬಂದರು. ಟ್ಯಾಬ್. ಒಂದು ಚುಕ್ಕೆ ಕುಂಕುಮವೂ ಇಲ್ಲ.

"ಇದನ್ನ ಪೂಜೆಗೆ ಇಡ್ಲಿಲ್ಲ" ಎಂದರು, ಗೋಡೆ ನೋಡುತ್ತ. "ಇಟ್ಟಿದ್ರೆ ಸೀರಿಯಲ್ ಹೆಂಗ್ ನೋಡ್ಲಿ? ಯಾರ್ಗೂ ಹೇಳ್ಬೇಡ."

ಆಂಡ್ರಾಯ್ಡ್! ನಾಲ್ಕನೇ ಕುಲ ರಣಕ್ಕಿಳಿಯಿತು. ಅದಕ್ಕೂ ಒಬ್ಬ ದುಭಾಷಿಯನ್ನು ಹುಡುಕಿ, ಆಟವನ್ನು ಇಳಿಸಿಕೊಳ್ಳುವಷ್ಟರಲ್ಲಿ ಅನಂತಲಕ್ಷ್ಮಮ್ಮ ರಾಯರಿಗೆ ಎರಡು ಹರಕೆ ಹೊತ್ತರು. ಏಳಕ್ಕೆ ಇನ್ನೇನು ಸ್ವಲ್ಪವಿದೆ ಎನ್ನುವಾಗ ಅಂಗೈಯಗಲದ ಬೆಟ್ಟಗಳ ನಡುವೆ ಕುಂಟುತ್ತ ಕುಂಟುತ್ತ ಮಾಲವಿಕಾಳ ವೈದ್ಯೆ ಬಂದು ನಿಂತಳು.

"ನಾನು ಅಂದಾಗ ಇಲ್ಲೊತ್ತಿ ಆಂಟಿ. ಈಗ!"

ಅವನ ಎರಡು ಕೈ ಎರಡು ಮೇಜಿನ ಮೇಲೆ, ಅವರ ತೋರುಬೆರಳು ಟ್ಯಾಬಿನ ಮೇಲೆ. ಗಂಟೆ ಢಣ್ಣೆಂದಿತು. ಕೋಟೆ ಉಳಿಯಿತು.

ಅನಂತಲಕ್ಷ್ಮಮ್ಮ ಕನ್ನಡಕ ಸರಿಮಾಡಿಕೊಂಡು ಗೋಡೆಯ ಮೇಲಿನ ಬರಹವನ್ನು ಅಕ್ಷರ ಅಕ್ಷರವಾಗಿ ಓದಿದರು. ಮತ್ತೊಮ್ಮೆ ಓದಿದರು. ಕೋಟೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಟ್ಯಾಬನ್ನು ಆಚೀಚೆ ತಿರುಗಿಸಿ ನೋಡಿದರು. ಯಾರೂ ಇರಲಿಲ್ಲ.

"ಅಲ್ವೋ ಶ್ಯಾಮು, ಮೂರು ಮಿಷಿನ್ನು, ಇಷ್ಟು ವರ್ಷದ ಯುದ್ಧ, ಇಷ್ಟು ಗುಡುಗು... ಯಾತಕ್ಕಪ್ಪಾ ಇದೆಲ್ಲ?"

ಶ್ಯಾಮಸುಂದರ ಮುದುಕನ ಫ್ಯಾನಿನಿಂದ ಸೇವಂತಿಗೆ ಎಸಳುಗಳನ್ನು ಬಿಡಿಸುತ್ತಿದ್ದ.

"ಐದ್ನಿಮಿಷ ಅಂದಿದ್ಲು ಆಂಟಿ."