ಬೆರಳುದ್ದದ ಕವಲು

ಗಾಡಿಯವನು ನಕ್ಷೆರಾಯರನ್ನು ಮೊದಲು ಕಂಡ ದಿನವೇ ಬೈಸಿಕೊಂಡ. ಸುಂಕದಕಟ್ಟೆಯ ಬಳಿ ಕುಳಿತು, ಹೆದ್ದಾರಿಯೊಂದನ್ನೇ ಉದ್ದನೆಯ ಕಾಗದದ ಪಟ್ಟಿಯಲ್ಲಿ ಸೇತುವೆ, ಬಾವಿಗಳ ಸಮೇತ ಬರೆದು ಪ್ರಯಾಣಿಕರಿಗೆ ಮಾರುವುದು ರಾಯರ ಕಸುಬು. ಪಕ್ಕದ ದಾರಿಗಳೆಲ್ಲ ಅದರಲ್ಲಿ ಬೆರಳುದ್ದಕ್ಕೇ ನಿಲ್ಲುತ್ತಿದ್ದವು. "ಈ ಕವಲು ಎಲ್ಲಿಗೆ ಹೋಗುತ್ತೆ, ರಾಯರೇ?" ಎಂದದ್ದೇ ತಪ್ಪಾಯಿತು. "ಹಾಳಾಗಿ ಹೋಗುತ್ತೆ! ನಿನ್ನ ದಾರಿ ನೀನು ನೋಡ್ಕೊ!" ಸೇತುವೆ ಕೊಚ್ಚಿಹೋದರೆ ಹೊಳೆಗೆ ಬೈಯುವರು, ನಕ್ಷೆ ಮಡಚಲು ಬಾರದ ಗಿರಾಕಿಯ ಕೈಯಿಂದ ಅದನ್ನು ಕಿತ್ತುಕೊಳ್ಳುವರು. ಮಗಳು ಅಪ್ಪನ ಮಾತು ಮೀರಿ, ಆ ಕವಲಿನ ಕೊನೆಯ ಊರಿನಲ್ಲಿ ಗಾಲಿ ಮಾಡುವವನನ್ನು ಮದುವೆಯಾದಳೆಂದು ರಾಯರ ಹೆಂಡತಿಯೇ ಒಮ್ಮೆ ಪಿಸುಗುಟ್ಟಿದರು. ಅವಳಿಗೀಗ ಹೆರಿಗೆಯ ದಿನ ಹತ್ತಿರ. ಈಚೆಗೆ ರಾಯರು ಅಳತೆಗೋಲು ಹಿಡಿದು ಆ ಕವಲಿಗೇ ಇಳಿದಿದ್ದಾರೆ. "ಇಂಥ ದಾರೀಲಿ ನನ್ನ ಕೂಸು ಹೇಗೆ ನಡೆದಳೋ, ಈ ದಾರಿ ಮಾಡಿದವರ ಮನೆ ಹಾಳಾಗ!" ಎಂದು ಗುಂಡಿ ಗುಂಡಿಗೂ ಶಪಿಸುತ್ತ, ದಿನಾ ನಕ್ಷೆಯಲ್ಲಿ ಅದರ ಗೆರೆಯನ್ನು ಇನ್ನಷ್ಟು ಮುಂದಕ್ಕೆ ಎಳೆಯುತ್ತಿದ್ದಾರೆ.