ಚೀಲದಾಗಿನ ಡಾಕ್ಟರ್

ಕಾಗದ ಮಿಲ್ಲಿನ್ಯಾಗ ರೋಲರಿಗೆ ಹತ್ತಿದ ಕಾಗದ ಕೆರೆಯೋ ಉದ್ದನ್ನ ಬ್ಲೇಡಿಗೆ ನಾವು ಫಿಟ್ಟರ್‌ಗಳು ಡಾಕ್ಟರ್ ಅಂತೀವಿ. ಅಕ್ಕಲಕೋಟದ ಮಿಲ್ಲಿನ್ಯಾಗ ಆ ಬ್ಲೇಡ್ ಮುರಿದು ಮಷೀನ್ ನಿಂತಿತ್ತು. ಸೋಲಾಪುರದಾಗ ಹೊಸಾ ಬ್ಲೇಡ್ ತೊಗೊಂಡು, ಗೋಣಿಚೀಲದಾಗ ಸುತ್ತಿ ಎಸ್‌ಟಿ ಬಸ್ ಹತ್ತಿದೆ. ಮ್ಯಾನೇಜರ್ ಫೋನ್ ಮ್ಯಾಲ ಫೋನ್. ನನಗೂ ಕುಂತಲ್ಲಿ ಕುಂದ್ರಲಾರದಂಗ ಆಗಿತ್ತು.

"ಡಾಕ್ಟರ್ ಸಿಕ್ಕೈತ್ರಿ ಸಾಹೇಬ್ರ, ಚೀಲದಾಗ ಕಟ್ಟಿ ತರಾಕತ್ತೀನಿ!" ಅಂತ ಫೋನಿನ್ಯಾಗ ಒದರಿದೆ.

ಬಸ್ಸಿನ್ಯಾಗಿದ್ದವರೆಲ್ಲಾ ನನ್ನ ಚೀಲದ ಕಡೆ ತಿರುಗಿದ್ರು. ಕಂಡಕ್ಟರ್ ವಳಸಂಗದಾಗ ಬಸ್ ನಿಲ್ಲಿಸಿ ಚೀಲ ಬಿಚ್ಚಿಸಿದ. ಬ್ಲೇಡ್ ಮಿಂಚಿತು. "ತಲವಾರ!" ಅಂತ ಯಾರೋ ಚೀರಿದ್ರು.

"ಡಾಕ್ಟರ್ ಎಲ್ಲೋ?" ಅಂದ ಕಂಡಕ್ಟರ್.

"ಇದೇ ಡಾಕ್ಟರ್ ರೀ! ಅಂಟಿದ್ದನ್ನೆಲ್ಲಾ ಬೋಳಸತೈತಿ."

ಬಾಜೂಕ ಕುಂತಿದ್ದ ಕರಜಗಿ ಊರಿನ ಮುದುಕಿ ತನ್ನ ದವಾಖಾನಿ ಬಿಲ್ಲು ಮಡಚಿ ಸೊಂಟಕ್ಕ ಸಿಗಿಸಿಕೊಂಡು ಅಂದಳು: "ಬೋಳಸತೈತಿ ಅಂದಮ್ಯಾಲ ಡಾಕ್ಟರೇ ಬಿಡ್ರೋ."